ಗೋಡೆ ಒಪ್ಪಿದ ಲೆಕ್ಕ

ಸಮಸ್ತ ನಾಗರಿಕರ ಗಮನಕ್ಕೆ ವಿಷಾದಪೂರ್ವಕವಾಗಿ ತರಬಯಸುವುದೇನೆಂದರೆ, ನಮ್ಮೂರ ಶಾಲೆಯ ಏಳನೇ ತರಗತಿಯ ಪೂರ್ವದಿಕ್ಕಿನ ಗೋಡೆಯ ಮೇಲಿಂದ, ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದು ಹಾಜರಿ ಕೂಗುವ ಹೊತ್ತಿನಲ್ಲಿ, ತಿಳಿಹಳದಿ ಬಣ್ಣದ ಒಂದು ಚಾರ್ಟು ಕೆಳಗೆ ಬಿತ್ತು. ಸದರಿ ಚಾರ್ಟು ಬೀಳುವಾಗ ಕೆಳಗೆ ಕೂತಿದ್ದ ಮಕ್ಕಳಲ್ಲಿ ಯಾರಿಗೂ ಪೆಟ್ಟಾಗಿಲ್ಲ. ಒಂದು ಭಿನ್ನರಾಶಿಗೆ ಮಾತ್ರ ಮಾನಹಾನಿಯಾಗಿದೆ. ಇಂಥದೊಂದು ಪ್ರಕಟಣೆಯನ್ನು ಬೇರೆ ಊರಿನಲ್ಲಿ ಹೊರಡಿಸಿದ್ದರೆ ಜನ ನಗುತ್ತಿದ್ದರು. ನಮ್ಮೂರಲ್ಲಿ ನಗುವುದಿಲ್ಲ, "ಏನ್ ಬರ್ದಿದ್ರು ಅದ್ರಲ್ಲಿ?" ಎಂದು ಕೇಳುತ್ತಾರೆ. ಯಾಕೆಂದರೆ ನಮ್ಮೂರ ಗೋಡೆಗಳು ಸುಳ್ಳನ್ನು ಹೊರುವುದಿಲ್ಲ.

ಮೊಳೆ ಹೊಡೆಯಿರಿ, ಮೈದಾ ಅಂಟು ಬಳಿಯಿರಿ, ಬೇಕಾದರೆ ಸಿಮೆಂಟಿನಲ್ಲೇ ಹುಗಿಯಿರಿ, ಸುಳ್ಳಾದದ್ದು ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೆ ಬರುತ್ತದೆ. ನಿಜವಾದದ್ದಕ್ಕೆ ಒಂದು ಅಗುಳು ಅನ್ನ ಮೆತ್ತಿದರೂ ಸಾಕು, ಮಳೆಗಾಲ ಕಳೆದರೂ ಅಲ್ಲಾಡುವುದಿಲ್ಲ. ಯಾವ ಕಾಲದಿಂದ ಹೀಗೆ ಎಂದು ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೊಂದಿಕೊಂಡಿದ್ದೇವೆ. ಬಸ್‌ಸ್ಟ್ಯಾಂಡಿನ ಹೋಟೆಲಿನವನು 'ಬಿಸಿ ಬಿಸಿ ಇಡ್ಲಿ' ಎಂಬ ಹಲಗೆಯನ್ನು ಬೆಳಿಗ್ಗೆ ಗೋಡೆಗೆ ತೂಗುಹಾಕುತ್ತಾನೆ. ಇಡ್ಲಿ ಆರುವ ಹೊತ್ತಿಗೆ ಅದು ದಡಾರೆಂದು ಬೀಳುತ್ತದೆ. ಆ ಸದ್ದು ಕೇಳಿದ ಗಿರಾಕಿಗಳು ಇಡ್ಲಿ ಬಿಟ್ಟು ದೋಸೆ ಹೇಳುತ್ತಾರೆ. ಚುನಾವಣೆ ಬಂದರೆ ಪೋಸ್ಟರುಗಳನ್ನೆಲ್ಲ ಕರೆಂಟು ಕಂಬಕ್ಕೆ ಕಟ್ಟುತ್ತಾರೆ, ಕಂಬಕ್ಕೆ ಅಂಥ ಮಡಿವಂತಿಕೆ ಇಲ್ಲ. ಮದುವೆಯ ಫೋಟೋವನ್ನು ಬುದ್ಧಿವಂತರು ಗೋಡೆಗೆ ಹಾಕುವುದೇ ಇಲ್ಲ, ಟೀವಿಯ ಪಕ್ಕ ಒರಗಿಸಿಡುತ್ತಾರೆ. ಶಾಲೆಗೆ ಜಾಗ ಕೊಟ್ಟ ದಾನಿಗಳ ಭಾವಚಿತ್ರ ಹೆಡ್ಮಾಸ್ಟರ ಕೋಣೆಯಲ್ಲಿ ಗಟ್ಟಿಯಾಗಿ ನಿಂತಿದೆ. ಅದರ ಕೆಳಗೆ ಹಾಕಬೇಕಿದ್ದ 'ವಿದ್ಯಾಪ್ರೇಮಿ' ಎಂಬ ಪಟ್ಟಿ ಮಾತ್ರ ಇವತ್ತಿಗೂ ಬೀರುವಿನಲ್ಲಿದೆ.

ನಾನು ಆ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ರಜಾದಿನಗಳಲ್ಲಿ ಅಂಗಡಿ ಬೋರ್ಡು ಬರೆಯುವುದು ನನ್ನ ಉಪಕಸುಬು. ಗೋಡೆಗಳೇ ಸತ್ಯಸಂಧವಾದ ಊರಿನಲ್ಲಿ ಬೋರ್ಡು ಬರೆಯುವವನ ಬಾಳು ಬೋರ್ಡಿಗೆ ಬಂತು ಅನ್ನಿ. ಒಬ್ಬರಿಗೆ 'ಶುದ್ಧ ತುಪ್ಪದ ಸಿಹಿತಿಂಡಿ' ಎಂದು ಬರೆದುಕೊಟ್ಟೆ, ಬಿತ್ತು. 'ಶುದ್ಧ' ತೆಗೆದೆ, ಬಿತ್ತು. 'ತುಪ್ಪ' ತೆಗೆದೆ, ನಿಂತಿತು. ಅಕ್ಷರಕ್ಕಿಷ್ಟು ಎಂದು ಕೂಲಿ ಪಡೆಯುವ ನನಗೆ ಸತ್ಯ ಎಷ್ಟು ಚಿಕ್ಕದೆಂದು ಆವತ್ತು ಗೊತ್ತಾಯಿತು.

ವಾರಿಜಾ ಮಿಸ್ ಈ ಊರಿನವರಲ್ಲ. ಗೋಡೆಗೆ ಏನು ಬೇಕಾದರೂ ತಗುಲಿಹಾಕಬಹುದಾದ ಯಾವುದೋ ದೊಡ್ಡ ಊರಿನಿಂದ ಗಣಿತ ಕಲಿಸಲು ವರ್ಗವಾಗಿ ಬಂದವರು. ಬಂದ ಮೊದಲ ದಿನವೇ ಕಂಕುಳಲ್ಲಿ ಒಂದು ಸುರುಳಿ ಹಿಡಿದುಕೊಂಡು ಏಳನೇ ತರಗತಿಗೆ ಹೋಗಿ, ಬಣ್ಣಬಣ್ಣದ ಅಂಚಿನ 'ಗಣಿತ ಬಲು ಸುಲಭ' ಎಂಬ ಅಚ್ಚಿನ ಚಾರ್ಟನ್ನು ಗೋಡೆಗೆ ಅಂಟಿಸಿದರಂತೆ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದುದನ್ನು ಕಂಡು, ತಮ್ಮ ಮೇಲಿನ ಭಕ್ತಿಯಿರಬೇಕೆಂದುಕೊಂಡರಂತೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಮಿಸ್, ಒಂಚೂರು ಈಕಡೆ ಬರ್ರಿ, ತಲೆ ಮ್ಯಾಲೆ ಬೀಳ್ತದೆ" ಅಂದಳು. ಅನ್ನುವುದಕ್ಕೂ ಅದು ಬೀಳುವುದಕ್ಕೂ ಸರಿಹೋಯಿತು.

ಮಧ್ಯಾಹ್ನ ಅವರು ನನ್ನ ಹತ್ತಿರ ಬಂದರು. "ಸಾರ್, ಇಲ್ಲಿ ಗೋಂದು ಸರಿಯಿಲ್ವಾ?"

"ಗೋಂದು ಸರಿಯಾಗೇ ಇದೆ ಮೇಡಂ. ಚಾರ್ಟಲ್ಲಿ ಬರ್ದಿರೋದು ಸರಿಯಿಲ್ಲ."

"ಯಾಕೆ, ಗಣಿತ ಸುಲಭ ಅಲ್ವಾ?"

"ನನ್ನ ಕೇಳ್ಬೇಡಿ, ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೇ ಅದಕ್ಕೆ."

ಅವರು ನಗಲಿಲ್ಲ. ಖಾಲಿ ಹಾಳೆಯೊಂದನ್ನು ತೆಗೆದು, 'ಗಣಿತ ಕಷ್ಟ. ಆದರೆ ಬರುತ್ತೆ' ಎಂದು ತಮ್ಮ ಕೈಯಾರೆ ಬರೆದು ಗೋಡೆಗೆ ಹಚ್ಚಿದರು. ಆ ಹಾಳೆಯ ಒಂದೇ ಒಂದು ಮೂಲೆ ಅಂಟಿಕೊಂಡಿತು; ಉಳಿದದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತ ಜೋತಾಡಿತು. ಬೀಳಲಿಲ್ಲ. ಮಿಸ್ ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದರು. ನಮ್ಮ ಗೋಡೆಯನ್ನು ಕಂಡು ಹೆದರಿದವರನ್ನು ನೋಡಿದ್ದೇನೆ, ಬೈದವರನ್ನು ನೋಡಿದ್ದೇನೆ. ಅದನ್ನು ಸಹೋದ್ಯೋಗಿಯ ಹಾಗೆ ನೋಡಿದವರು ಅವರೊಬ್ಬರೇ.

ಅವರು ಹಿಂದೆಲ್ಲೋ ಒಂದು ತರಬೇತಿಗೆ ಹೋಗಿದ್ದರಂತೆ. ಪಾಠ ಮಾಡುತ್ತ ಮಾಡುತ್ತ ಮಕ್ಕಳ ಮಾತಿನಲ್ಲೇ, ಮಕ್ಕಳ ಕೈಯಲ್ಲೇ ದೊಡ್ಡ ಹಾಳೆಯ ಮೇಲೆ ಪಾಠದ ತಿರುಳನ್ನು ಬರೆಸಿ ವರ್ಷವಿಡೀ ಗೋಡೆಯ ಮೇಲೆ ಇಡಬೇಕು. ಮಗು ಲೆಕ್ಕದ ನಡುವೆ ದಾರಿ ತಪ್ಪಿದಾಗ ತಲೆಯೆತ್ತಿ ಅದನ್ನು ನೋಡಿ ಮತ್ತೆ ದಾರಿ ಹಿಡಿಯಬೇಕು. ಅಂಥದ್ದಕ್ಕೆ 'ಲಂಗರು ಚಾರ್ಟು' ಎಂದು ಆ ತರಬೇತಿಯಲ್ಲಿ ಹೆಸರಿಟ್ಟಿದ್ದರು. ನಮ್ಮೂರಲ್ಲಿ ಹಡಗಿಲ್ಲ, ಸಮುದ್ರವಿಲ್ಲ, ಇದ್ದ ಕೆರೆಯಲ್ಲೂ ಮೊಣಕಾಲುದ್ದ ನೀರು. ಆದರೂ ಲಂಗರು ಬಂತು. ಮೊದಲ ಚಾರ್ಟಿನ ಮೂಲೆಯಲ್ಲಿ ಅಂದಕ್ಕಿರಲಿ ಎಂದು ನಾನೊಂದು ಲಂಗರಿನ ಚಿತ್ರ ಬರೆದುಕೊಟ್ಟೆ. ಲಂಗರನ್ನು ನಾನು ಕಂಡವನಲ್ಲ. ಅದು ಪಿಕಾಸಿಗೂ ತಕ್ಕಡಿಯ ಕೊಂಡಿಗೂ ಹುಟ್ಟಿದ ಕೂಸಿನಂತಿತ್ತು. ಗೋಡೆ ತಕ್ಷಣ ಅದನ್ನು ಕೆಡವಿತು. ಆಮೇಲೆ ಚಿತ್ರಕ್ಕೆ ರಜೆ ಕೊಟ್ಟು ಬರೇ ಅಂಚು ಎಳೆದುಕೊಡುವ ಕೆಲಸಕ್ಕೆ ನಾನು ನಿಂತೆ.

ಪ್ರಕಟಣೆಯಲ್ಲಿ ಹೇಳಿದ ತಿಳಿಹಳದಿ ಚಾರ್ಟು ಎರಡನೆಯದು. ಮಕ್ಕಳು ಶನಿವಾರ ಬರೆದು ಒಣಗಲು ಬಿಟ್ಟು, ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಅಂಟಿಸಿದ್ದರು. ಅರ್ಧಕ್ಕೆ ಕಾಲು ಕೂಡಿಸುವುದು ಹೇಗೆ ಎಂಬ ವಿಷಯ. ಗುಣಾಕಾರದಲ್ಲಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂದು ಕಲಿತಿದ್ದ ಮಕ್ಕಳು ಕೂಡುವಾಗಲೂ ಅದೇ ನ್ಯಾಯ ಇಟ್ಟುಕೊಂಡು, ಒಂದಕ್ಕೆ ಒಂದು ಸೇರಿ ಎರಡು, ಎರಡಕ್ಕೆ ನಾಲ್ಕು ಸೇರಿ ಆರು, ಆರರಲ್ಲಿ ಎರಡು ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ತಪ್ಪು ಎಂದು ಮಿಸ್‌ಗೆ ಶನಿವಾರವೇ ಗೊತ್ತಿತ್ತು. ಬಾಯಿಬಿಡಲಿಲ್ಲ. ಚಾರ್ಟು ಬಿತ್ತು. ಹಾಜರಿ ನಿಂತಿತು. ಎಲ್ಲರೂ ಕೆಳಗೆ ಬಿದ್ದ ಹಾಳೆಯ ಸುತ್ತ ಅಪಘಾತ ನೋಡುವವರ ಹಾಗೆ ನೆರೆದರು.

ಮೊದಲ ದಿನ ಮಿಸ್‌ಗೆ ಎಚ್ಚರಿಕೆ ಹೇಳಿದ ಹುಡುಗಿಯೇ ಆಗ ಮಾತಾಡಿದ್ದು. ಅವಳ ಹೆಸರು ಕೆಂಚಮ್ಮ. ಮಂಡಕ್ಕಿ ಭಟ್ಟಿ ಬೀದಿಯವಳು. ಅವಳ ತಾಯಿ ಹಾಲಮ್ಮ ಅಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುತ್ತಾಳೆ. ಐದನೇ ತರಗತಿಯಿಂದಲೂ ಗಣಿತದಲ್ಲಿ ಅವಳು ಕೊನೆಯ ಬೆಂಚು. ಮುಂದೆ ಕೂರಿಸಿದ್ದು ವಾರಿಜಾ ಮಿಸ್.

"ಮಿಸ್, ಆರ್ರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ಲೇನ್ರಿ?"

"ಹೌದು ಕಣೇ."

"ಅರ್ಧ ಸೇರು ಮಂಡಕ್ಕಿಗೆ ಒಂದ್ ಪಾವು ಹಾಕಿದ್ರೆ ಅರ್ಧ ಸೇರಿಗಿಂತ ಕಮ್ಮಿ ಆಗ್ತದೇನ್ರಿ? ಹಂಗಾದ್ರೆ ನಡುವೆ ಯಾರೋ ತಿಂದ್ರು ಅಂತ."

ತರಗತಿಯೆಲ್ಲ ನಕ್ಕಿತು. ಒಬ್ಬ ಹುಡುಗ, "ನೀನೇ ತಿಂದಿರ್ತಿ ಬಿಡೆ" ಅಂದ. ಕೆಂಚಮ್ಮ ಅವನ ಕಡೆ ತಿರುಗಿ, "ನಾ ತಿಂದಿದ್ರೆ ಚಾರ್ಟ್ ಯಾಕ್ ಬೀಳ್ತಿತ್ತೋ, ನಾ ಬೀಳ್ತಿದ್ದೆ" ಅಂದಳು. ಮಿಸ್ ಸ್ಕೆಚ್‌ಪೆನ್ನನ್ನು ಅವಳ ಕೈಗೇ ಕೊಟ್ಟರು. ಹೊಸ ಹಾಳೆಯ ಮೇಲೆ ಅವಳು ಕೊಕ್ಕರೆ ಕಾಲಿನ ಅಕ್ಷರದಲ್ಲಿ ಬರೆದದ್ದು ಇಷ್ಟು: 'ಸೇರನ್ನೂ ಪಾವನ್ನೂ ಹಂಗೇ ಕೂಡಿಸಬಾರದು. ಮೊದಲು ಎಲ್ಲಾನೂ ಪಾವು ಮಾಡಿಕೋ. ಅರ್ಧ ಸೇರು ಅಂದ್ರೆ ಎರಡು ಪಾವು. ಇನ್ನೊಂದು ಪಾವು ಸೇರಿದ್ರೆ ಮೂರು ಪಾವು. ಮುಕ್ಕಾಲು.' ಅಂಟು ಹಚ್ಚುವ ಮೊದಲೇ ಗೋಡೆ ಹಾಳೆಯನ್ನು ಕೈಯಿಂದ ಕಿತ್ತುಕೊಂಡಂತೆ ಎಳೆದುಕೊಂಡಿತು.

ಅಲ್ಲಿಂದ ಮುಂದೆ ಆ ತರಗತಿಗೆ ಹುಚ್ಚು ಹಿಡಿಯಿತು. ಬೇರೆ ಶಾಲೆಗಳಲ್ಲಿ ತಪ್ಪಾದರೆ ಮಕ್ಕಳು ಮುಖ ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಚಾರ್ಟು ಬಿದ್ದರೆ ಹೋ ಎಂದು ಓಡಿಬಂದು ಎಲ್ಲಿ ಬಿತ್ತು, ಯಾಕೆ ಬಿತ್ತು ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಭಿನ್ನರಾಶಿಯಿಂದ ಭಿನ್ನಾಭಿಪ್ರಾಯ, ಭಿನ್ನಾಭಿಪ್ರಾಯದಿಂದ ಮತ್ತೆ ಭಿನ್ನರಾಶಿ. ಛೇದ ಎಂದರೆ ಹೆದರುತ್ತಿದ್ದವರು ಛೇದವನ್ನು ಛೇಡಿಸತೊಡಗಿದರು. ಡಿಸೆಂಬರ್ ಬರುವ ಹೊತ್ತಿಗೆ ಏಳನೇ ತರಗತಿಯ ಗೋಡೆಯಲ್ಲಿ ಸುಣ್ಣ ಕಾಣದಷ್ಟು ಚಾರ್ಟುಗಳಿದ್ದವು. 'ಗಣಿತ ಕಷ್ಟ. ಆದರೆ ಬರುತ್ತೆ' ಎಂಬ ಹಳೆಯ ಹಾಳೆಯ ನಾಲ್ಕೂ ಮೂಲೆ ಅಂಟಿಕೊಂಡದ್ದನ್ನು ಯಾರು ಯಾವಾಗ ಮೊದಲು ನೋಡಿದರೋ, ಅದೊಂದು ಜಗಳವಾಗಿ ಉಳಿಯಿತು.

ಆಗಲೇ ಆ ಸುತ್ತೋಲೆ ಬಂದದ್ದು. ಹೆಡ್ಮಾಸ್ಟರು ಗುರುಬಸಯ್ಯನವರು ಅದನ್ನು ಟೀಚರುಗಳ ಕೋಣೆಯಲ್ಲಿ ಗಂಟಲು ಸರಿಪಡಿಸಿಕೊಂಡು ಓದಿದರು. ರೈಲ್ವೆ ಹಳಿಯ ಆಚೆಗಿನ ಊರಿನಲ್ಲೂ ನಮ್ಮಷ್ಟೇ ದೊಡ್ಡದೊಂದು ಶಾಲೆಯಿದೆ. ಎರಡು ಶಾಲೆ ಬೇಡ, ಒಂದು ಸಾಕು; ಏಳನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಯಾವ ಶಾಲೆಯ ಸರಾಸರಿ ಕಡಿಮೆಯೋ ಅದನ್ನು ಮುಚ್ಚಿ ಇನ್ನೊಂದರಲ್ಲಿ ವಿಲೀನ ಮಾಡಲಾಗುವುದು.

"ಗಣಿತವೇ ಯಾಕೆ ಸಾರ್? ಡ್ರಾಯಿಂಗ್ ಇಡಬಹುದಿತ್ತಲ್ಲ" ಅಂದೆ.

"ನಿಮ್ಮ ಲಂಗರು ನೋಡಿದ್ರೆ ಪರೀಕ್ಷೆಗೆ ಮೊದ್ಲೇ ಮುಚ್ಚೋರು, ಸುಮ್ನಿರಿ" ಅಂದರು ಗುರುಬಸಯ್ಯ.

ವಾರಿಜಾ ಮಿಸ್ ಸುತ್ತೋಲೆ ಇಸಿದುಕೊಂಡು ಇನ್ನೊಮ್ಮೆ ಓದಿದರು. ಸಂಜೆ ನನ್ನನ್ನು ಕರೆದುಕೊಂಡು ಭಟ್ಟಿ ಬೀದಿಗೆ ಹೊರಟರು. ಹಾಲಮ್ಮ ಕಾದ ಮರಳಿಗೆ ಅಕ್ಕಿ ಸುರಿದು ಸೌಟಾಡಿಸುತ್ತಿದ್ದಳು. ಚಟಪಟ ಸದ್ದಿಗೆ ಕೂಗಿಕೊಂಡೇ ಮಾತಾಡಬೇಕು. ಪಕ್ಕದಲ್ಲಿ ಕೆಂಚಮ್ಮ ಜರಡಿ ಹಿಡಿದಿದ್ದಳು.

"ಹಾಲಮ್ಮ, ಒಂದ್ ಮಾತು. ಶಾಲೆ ಆಚೆ ಊರಿಗೆ ಹೋದ್ರೆ ಇವಳನ್ನ ಕಳಿಸ್ತೀರಿ ತಾನೆ?"

ಹಾಲಮ್ಮ ಸೌಟು ನಿಲ್ಲಿಸಲಿಲ್ಲ. "ಸುಳ್ ಯಾಕ್ ಹೇಳ್ಲಿ ಮಿಸ್, ಕಳ್ಸಲ್ಲ. ಇಲ್ಲಾದ್ರೆ ಗಂಟೆ ಹೊಡೆಯೋ ತನ ನಂಗೆ ಕೈ ಜೋಡ್ಸಿ ಓಡ್ತಾಳೆ. ಅಲ್ಲಿಗೆ ಅಂದ್ರೆ ಬೆಳಕು ಹರಿಯೋ ಮುಂಚೆ ಬಸ್ಸು, ಕತ್ತಲಾದ್ ಮ್ಯಾಲೆ ವಾಪಸ್ಸು. ಭಟ್ಟಿ ಯಾರ್ ನೋಡ್ತಾರೆ? ಈ ಬೀದೀಲಿ ಯಾವ ಹೆಣ್ ಹುಡುಗೀನೂ ಹೋಗಂಗಿಲ್ಲ, ಕೇಳ್ಕೊಂಡ್ ಬರ್ರಿ ಬೇಕಾದ್ರೆ. ಶಾಲೆ ಇಲ್ಲಿದ್ರೆ ಹತ್ತನೇತ್ತಾದ್ರೂ ಓದ್ಲಿ, ನಾ ಬ್ಯಾಡ ಅನ್ನಂಗಿಲ್ಲ."

"ಅವ್ವ, ನಾ ಹೋಗ್ತೀನಿ" ಅಂದಳು ಕೆಂಚಮ್ಮ.

"ನೀ ಜರಡಿ ಹಿಡಿ" ಅಂದಳು ಹಾಲಮ್ಮ.

ಹಾಲಮ್ಮ ಹೇಳಿದ್ದನ್ನು ಬರೆದು ಅವರ ಮನೆಯ ಗೋಡೆಗೆ ಹಚ್ಚಿದ್ದರೆ ಅದು ಖಂಡಿತ ನಿಲ್ಲುತ್ತಿತ್ತು. ಅದಕ್ಕೇ ನಾವು ಬರೆಯಲಿಲ್ಲ. ಬರುತ್ತ ದಾರಿಯಲ್ಲಿ ಮಿಸ್ ಕೇಳಿದರು, "ಸಾರ್, ಈ ಊರಲ್ಲಿ ಒಟ್ಟು ಎಷ್ಟು ಗೋಡೆ ಇರಬಹುದು?"

ಹೀಗೆ ಶುರುವಾಯಿತು ನಮ್ಮ ಮಹಾಯೋಜನೆ. ಮಕ್ಕಳು ಶಾಲೆಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಹೋಗುವ ದಾರಿಯ ಪ್ರತಿಯೊಂದು ಗೋಡೆಯ ಮೇಲೂ ಅವರೇ ಬರೆದ ಚಾರ್ಟು. ಗುರುಬಸಯ್ಯನವರು ಉತ್ಸಾಹದಲ್ಲಿ 'ಇಡೀ ಊರೇ ಗಣಿತಮಯ' ಎಂಬ ಬ್ಯಾನರ್ ಕಟ್ಟಿಸಿ ಉದ್ಘಾಟನೆಗೆ ನಿಂತರು. ದೀಪ ಹಚ್ಚುವಷ್ಟರಲ್ಲಿ ಅದು ಅವರ ಹೆಗಲ ಮೇಲೆ ಶಾಲಿನಂತೆ ಬಿತ್ತು, ಸನ್ಮಾನ ಎಂದು ತಿಳಿದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಆದರೆ ಚಾರ್ಟುಗಳು ನಿಂತವು. ಭಟ್ಟಿ ಬೀದಿಯಲ್ಲಿ ಭಿನ್ನರಾಶಿ, ಕ್ಷೌರದಂಗಡಿಯ ಹೊರಗೋಡೆಯಲ್ಲಿ ಕೋನ, ನೀರಿನ ಟ್ಯಾಂಕಿನ ಪಂಪುಮನೆಯಲ್ಲಿ ಘನಫಲ. ಬಸ್‌ಸ್ಟ್ಯಾಂಡಿನಲ್ಲಿ ವೇಗ ಮತ್ತು ಕಾಲದ ಲೆಕ್ಕಕ್ಕೆ ಬಸ್ಸು ಹೊರಡುವ ಸಮಯ ಬರೆದರೆ ಅದು ನಿಲ್ಲಲೊಲ್ಲದು. ನಾನು ಅಂಟು ಬದಲಾಯಿಸೋಣವೆಂದೆ. ಕೆಂಚಮ್ಮ, "ಅಂಟಲ್ಲ ಸಾರ್, ಬಸ್ಸೇ ಬದ್ಲಾಗ್ಬೇಕು" ಎಂದು 'ಬಸ್ಸು ಒಂಬತ್ತಕ್ಕೆ ಹೊರಟರೆ' ಎಂದು ತಿದ್ದಿದಳು. ಆ ಒಂದು 'ರೆ' ಸಾಕಾಯಿತು, ನಿಂತಿತು.

ಊರೂ ಹೊಂದಿಕೊಂಡಿತು. ಮಾಮೂಲಿ ಚೌಕಾಸಿಗೆ ಬಂದ ಹೆಂಗಸರು ಶೇಕಡಾವಾರು ಚಾರ್ಟಿನ ಎದುರು ನಿಂತು ಅಂಗಡಿಯವನ ಬೆವರಿಳಿಸಿದರು. ಹೋಟೆಲಿನವನು ದೋಸೆಗೆ ತ್ರಿಜ್ಯ ಕೇಳತೊಡಗಿದ. ಮುಸ್ಸಂಜೆ ಭಟ್ಟಿ ಬೀದಿಯಲ್ಲಿ ನಡೆದರೆ ಮಕ್ಕಳು ಗೋಡೆಗೆ ಮುಖಮಾಡಿ ನಿಂತು ಗಟ್ಟಿಯಾಗಿ ವಾದಿಸುವುದು ಕೇಳುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಒಂದು ಕ್ಷಣ ಸುಖವಾಗುತ್ತದೆ, ಆಮೇಲೆ ಏನೂ ಆಗುವುದಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ನಿಯಮಗಳು ಬಂದವು. ಕೊಠಡಿಯ ಗೋಡೆಯಲ್ಲಿ ಪಾಠಕ್ಕೆ ಸಂಬಂಧಿಸಿದ್ದು ಏನಿದ್ದರೂ ಮುಚ್ಚಬೇಕು, ಇಲ್ಲವೇ ತೆಗೆಯಬೇಕು. ಗುರುಬಸಯ್ಯ ತಲೆಯ ಮೇಲೆ ಕೈಹೊತ್ತರು. "ಮುಗೀತು ಕಣಮ್ಮ. ಗೋಡೆ ನೋಡ್ಕೊಂಡ್ ಕಲ್ತೋರು, ಗೋಡೆ ಮುಚ್ಚಿದ್ರೆ ಏನ್ ಬರೀತಾರೆ?"

"ಅದಕ್ಕೇ ಇರೋದು ಸಾರ್ ಲಂಗರು. ಹಡಗಿನೋರಿಗೆ ಅದು ಕಾಣೋಲ್ಲ, ನೀರಿನ ಕೆಳಗಿರುತ್ತೆ" ಅಂದರು ಮಿಸ್.

ಮರುದಿನವೇ ಅವರು ಎಲ್ಲ ಚಾರ್ಟುಗಳ ಮೇಲೂ ಖಾಲಿ ಖಾಕಿ ಕಾಗದ ಹಚ್ಚಿಸಿದರು. ಏನೂ ಬರೆಯದ ಕಾಗದ ಏನೂ ಸುಳ್ಳು ಹೇಳುವುದಿಲ್ಲವಾದ್ದರಿಂದ ಗೋಡೆ ತಕರಾರೆತ್ತಲಿಲ್ಲ. ನಂತರ ದಿನಾ ಅದೇ ಅಭ್ಯಾಸ. "ಕಿಟಕಿ ಪಕ್ಕದ್ದರಲ್ಲಿ ಏನಿದೆ?" ಎಂದು ಮಿಸ್ ಕೇಳುವುದು, ಮಕ್ಕಳು ಖಾಕಿ ಕಾಗದವನ್ನು ದಿಟ್ಟಿಸಿ ಹೇಳುವುದು. ಮೊದಮೊದಲು ತಡವರಿಸಿದರು. ಆಮೇಲೆ ತಾವು ಬರೆದದ್ದು, ಯಾರು ತಪ್ಪು ಬರೆದದ್ದು, ಎಷ್ಟು ಸಲ ಬಿದ್ದದ್ದು, ಯಾಕೆ ಬಿದ್ದದ್ದು ಎಲ್ಲವನ್ನೂ ಹೇಳತೊಡಗಿದರು. ಒಂದು ದಿನ ಕೆಂಚಮ್ಮ ಗೋಡೆಯತ್ತ ನೋಡುತ್ತ, ಪುಸ್ತಕದಲ್ಲಿಲ್ಲದ ಹೊಸ ಲೆಕ್ಕವೊಂದನ್ನು ಬಾಯಲ್ಲೇ ಬಿಡಿಸಿದಳು. ಮಿಸ್ ಹೊರಗೆ ಬಂದು ನನ್ನ ಹತ್ತಿರ, "ಆಯ್ತು ಸಾರ್. ಇವಕ್ಕೆ ಇನ್ನು ಯಾವ ಕಾಗದ ಮುಚ್ಚಿದ್ರೂ ಗೋಡೆ ಕಾಣುತ್ತೆ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನೂ ಖುಷಿಪಟ್ಟೆ. ಆ ಮಾತಿನ ಮುಂದಿನ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ವೀಕ್ಷಕರಾಗಿ ಹೊರಗಿನಿಂದ ಜಯದೇವಪ್ಪ ಎಂಬವರು ಬಂದರು. ಒಳ್ಳೆಯ ಮನುಷ್ಯ, ಮಕ್ಕಳಿಗೆ "ಹೆದರಬೇಡ್ರೋ, ನನಗೂ ಗಣಿತ ಬರಲ್ಲ" ಎಂದು ಹೇಳಿ ನಗಿಸಿದರು. ಖಾಕಿ ಕಾಗದಗಳನ್ನು ನೋಡಿ, "ಬಹಳ ಅಚ್ಚುಕಟ್ಟು" ಎಂದು ಮೆಚ್ಚಿದರು. ಆಮೇಲೆ ಚೀಲದಿಂದ ಅಚ್ಚಾದ ಒಂದು ಪ್ರಮಾಣಪತ್ರ ತೆಗೆದು, ಸಹಿ ಹಾಕಿ, ಹಿಂಭಾಗಕ್ಕೆ ಅಂಟು ಬಳಿದು ಗೋಡೆಗೆ ಒತ್ತಿದರು. ಪರೀಕ್ಷೆ ಮುಗಿಯುವವರೆಗೆ ಅದು ಕೊಠಡಿಯ ಗೋಡೆಯ ಮೇಲೆ ಇರಬೇಕಂತೆ. 'ಈ ಕೊಠಡಿಯ ಗೋಡೆಗಳಿಂದ ಪರೀಕ್ಷಾರ್ಥಿಗಳಿಗೆ ಯಾವುದೇ ಬಗೆಯ ನೆರವು ದೊರೆಯುವುದಿಲ್ಲವೆಂದು ದೃಢೀಕರಿಸಲಾಗಿದೆ.'

ಬಿತ್ತು.

"ಗೋಡೆ ತೇವ ಇದೆ" ಎಂದು ಇನ್ನಷ್ಟು ಅಂಟು ಬಳಿದರು. ಬಿತ್ತು. ಮೊಳೆ ತರಿಸಿ ಹೊಡೆದರು. ಮೊಳೆಯ ಸಮೇತ ಬಿತ್ತು. ಗುರುಬಸಯ್ಯನವರು ಗೋಡೆಗೆ ಕೈಮುಗಿಯುವುದೊಂದು ಬಾಕಿ. ವಾರಿಜಾ ಮಿಸ್ ಮಾತ್ರ ತಟಕ್ಕನೆ ಅರ್ಥಮಾಡಿಕೊಂಡರು. "ಚಾರ್ಟು ಇನ್ನೂ ಒಳಗಿವೆಯಲ್ಲ ಸಾರ್, ಅದಕ್ಕೆ. ತೆಗೆದುಬಿಡೋಣ" ಅಂದರು. ಅಷ್ಟು ಸುಲಭವಾಗಿ ಬಂದಿತ್ತೆ ಆ ಮಾತು, ಗೊತ್ತಿಲ್ಲ. ಮಕ್ಕಳು ತಾವೇ ಎದ್ದು, ವರ್ಷವಿಡೀ ಅಲ್ಲಾಡದೆ ನಿಂತಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದರು. ಬರುತ್ತಿರಲಿಲ್ಲ ಅವು, ಚಮಚದಿಂದ ಕೆರೆಯಬೇಕಾಯಿತು. ಕೆಲವು ಹರಿದವು. ಗೋಡೆ ಬೋಳಾಯಿತು, ಹಾಳೆಗಳಿದ್ದ ಕಡೆ ಸುಣ್ಣ ಬೆಳ್ಳಗೆ ಚೌಕ ಚೌಕವಾಗಿ ಉಳಿಯಿತು.

ಜಯದೇವಪ್ಪನವರು ಮತ್ತೆ ಅಂಟಿಸಿದರು. ನಿಂತಿತು. ಗುರುಬಸಯ್ಯ ಉಸಿರು ಬಿಟ್ಟರು. ಪ್ರಶ್ನೆಪತ್ರಿಕೆ ಹಂಚಿದರು. ಮಕ್ಕಳು ಮೊದಲ ಪ್ರಶ್ನೆ ಓದಿ, ಅಭ್ಯಾಸ ಬಲದಿಂದ ತಲೆಯೆತ್ತಿ, ಬೋಳು ಗೋಡೆಯ ಬಿಳಿ ಚೌಕಗಳನ್ನು ನೋಡಿದರು. ಕೆಂಚಮ್ಮ ಕಿಟಕಿ ಪಕ್ಕದ ಚೌಕವನ್ನು ದಿಟ್ಟಿಸುತ್ತಿದ್ದಳು. ಅವಳ ತುಟಿ ಅಲ್ಲಾಡಿತು. 'ಮೊದಲು ಎಲ್ಲಾನೂ ಪಾವು ಮಾಡಿಕೋ' ಎಂದಿರಬೇಕು. ತಲೆ ತಗ್ಗಿಸಿ ಸರಸರನೆ ಬರೆಯತೊಡಗಿದಳು. ಪ್ರಮಾಣಪತ್ರ ಗೋಡೆ ಬಿಟ್ಟು, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಜಯದೇವಪ್ಪನವರ ಕಾಲ ಬಳಿ ಬಂದು ಕೂತಿತು.

"ಬೆಂಚು ಆಕಡೆ ತಿರುಗಿಸಿದ್ರೆ?" ಅಂದರು ಗುರುಬಸಯ್ಯ, ಸಣ್ಣ ದನಿಯಲ್ಲಿ.

"ಬೆನ್ನು ತಿರುಗಿಸಿದ್ರೂ ಅವಕ್ಕೆ ಗೊತ್ತು ಸಾರ್, ಯಾವ್ದು ಎಲ್ಲಿದೆ ಅಂತ" ಅಂದರು ಮಿಸ್. ಅವರ ಮುಖ ಸುಣ್ಣದ ಹಾಗಾಗಿತ್ತು.

"ಬೇರೆ ಕೊಠಡಿ?"

"ಈ ಕೊಠಡಿ ನಂಬರೇ ಪ್ರವೇಶಪತ್ರದಲ್ಲಿ ಅಚ್ಚಾಗಿದೆ ಹೆಡ್ಮಾಸ್ಟ್ರೇ" ಅಂದರು ಜಯದೇವಪ್ಪ. ಹೊರಗಿನವರಾದರೂ ಅಷ್ಟರಲ್ಲಿ ಅವರಿಗೂ ನಮ್ಮ ಗೋಡೆಯ ಸ್ವಭಾವ ತಿಳಿದುಹೋಗಿತ್ತು.

ವಾರಿಜಾ ಮಿಸ್, ಹೆಚ್ಚುವರಿ ಹಾಳೆ ಹಂಚಲು ನಿಂತಿದ್ದ ನನ್ನ ಕೈಯಿಂದ ಒಂದು ಬಿಳಿ ಹಾಳೆ ಕಿತ್ತುಕೊಂಡು, 'ಈ ಗೋಡೆಯ ಮೇಲೆ ಯಾವ ಚಾರ್ಟೂ ಇಲ್ಲ' ಎಂದು ಬರೆದು ಗೋಡೆಗೆ ಹಿಡಿದರು. ಅಂಟಿಲ್ಲದೆಯೇ ಅಂಟಿಕೊಂಡಿತು. "ನೋಡಿ ಸಾರ್. ಇದಕ್ಕೆ ಸಹಿ ಹಾಕಿ. ಇದು ನಿಜ. ನಿಮಗೆ ಬೇಕಾಗಿರೋದೂ ಇದೇ ಅಲ್ವಾ?"

ಜಯದೇವಪ್ಪ ಅದನ್ನು ಎರಡೆರಡು ಸಲ ಓದಿದರು. ಪಾಪ, ಅವರಿಗೂ ಆಸೆಯಿತ್ತು. "ಇದು ನಿಗದಿತ ನಮೂನೆ ಅಲ್ಲ ಮೇಡಂ. ಅಚ್ಚಾದ ನಮೂನೇಲಿ ಒಂದಕ್ಷರ ತಿದ್ದೋ ಹಾಗಿಲ್ಲ. ಅದು ಗೋಡೆ ಮೇಲೆ ಇಲ್ದಿದ್ರೆ ಉತ್ತರಪತ್ರಿಕೆ ಬೇರೆ ಕಟ್ಟಿಗೆ ಹೋಗುತ್ತೆ. ಆ ಕಟ್ಟನ್ನ ಯಾರೂ ಬಿಚ್ಚಲ್ಲ."

ನಾನು ಕೆಳಗೆ ಬಿದ್ದಿದ್ದ ಪ್ರಮಾಣಪತ್ರ ಎತ್ತಿಕೊಂಡು ಗೋಡೆಗಿಟ್ಟು ಎರಡೂ ಅಂಗೈ ಒತ್ತಿ ನಿಂತೆ. ಜಯದೇವಪ್ಪ ಕಿಟಕಿಯ ಕಡೆ ಮುಖ ಮಾಡಿದರು. ಪರೀಕ್ಷೆ ಮುಗಿಯುವ ತನಕ ಹಾಗೇ ನಿಂತಿದ್ದೆ. ಕಾಗದ ಮೀನಿನ ಹಾಗೆ ಕೈಕೆಳಗೆ ಒದ್ದಾಡಿತು. ಹಿಂದೆ ಮಕ್ಕಳ ಪೆನ್ನು ಓಡುವ ಸದ್ದು ಜಾಸ್ತಿಯಾದಂತೆಲ್ಲ ಗೋಡೆ ಅದನ್ನು ಇನ್ನಷ್ಟು ಜೋರಾಗಿ ಹೊರದಬ್ಬಿತು. ಎಲ್ಲರೂ ಎಲ್ಲವನ್ನೂ ಸರಿಯಾಗಿ ಬರೆಯುತ್ತಿದ್ದಾರೆಂದು ನೋಡದೆಯೂ ನನಗೆ ತಿಳಿಯುತ್ತಿತ್ತು. ಅಷ್ಟು ನೋವಿನ ಸಂತೋಷ ನನ್ನ ಕೈಗಳಿಗೆ ಮತ್ತೆಂದೂ ಆಗಿಲ್ಲ.

ಗಂಟೆ ಹೊಡೆಯಿತು. ಕೆಂಚಮ್ಮ ಗೇಟಿನವರೆಗೆ ಓಡಿದಳು. ಹಾಲಮ್ಮ ಅಲ್ಲಿ ಕಾಯುತ್ತಿದ್ದಳು. "ಎಲ್ಲಾ ಬಂತು ಬೇ ಅವ್ವ! ಒಂದೂ ಬಿಟ್ಟಿಲ್ಲ!" ಎಂಬ ಕೂಗು ಒಳಗೆ ನಮಗೂ ಕೇಳಿಸಿತು.

ಜಯದೇವಪ್ಪ ವರದಿ ಬರೆಯಲು ಕೂತರು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಮೇಡಂ, 'ಅಂಟಿಸಲಾಗಿತ್ತು' ಅಂತ ನಾನು ಸುಳ್ಳೇ ಬರೆದುಬಿಡ್ತಿದ್ದೆ. ಮಕ್ಕಳ ಮುಖ ನೋಡಿ ಬರೀತಿದ್ದೆ. ಆದ್ರೆ ವರದಿಯ ಪ್ರತಿ ನಿಮ್ಮ ಗೋಡೆಗೇ ಅಂಟಿಸ್ಬೇಕಲ್ಲ."

"ನಿಜ ಬರೀರಿ ಸಾರ್" ಅಂದರು ವಾರಿಜಾ ಮಿಸ್. "ಈ ಮಕ್ಕಳಿಗೆ ವರ್ಷ ಪೂರ್ತಿ ಅದನ್ನೇ ಹೇಳಿಕೊಟ್ಟಿದ್ದೀನಿ." ಆಮೇಲೆ ಬೆಂಚಿನ ಮೇಲೆ ರಾಶಿ ಬಿದ್ದಿದ್ದ ಹರಿದ ಚಾರ್ಟುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದರು. ಒಂದನ್ನು ಮಡಿಸುತ್ತ, ನನ್ನ ಕಡೆ ನೋಡದೆ, "ನಾನು ಕಮ್ಮಿ ಕಲಿಸಿದ್ರೆ ನಿಂತಿರೋದು ಅಲ್ವಾ ಸಾರ್ ಆ ಪ್ರಮಾಣಪತ್ರ" ಅಂದರು. ಹೌದು ಎನ್ನಲು ಆಗಲಿಲ್ಲ. ಅಲ್ಲ ಎಂದರೆ ಸುಳ್ಳಾಗುತ್ತಿತ್ತು.

ಹಳಿಯ ಆಚೆಗಿನ ಶಾಲೆಯ ಸರಾಸರಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲವಂತೆ. ಆದರೆ ಬಿಚ್ಚದ ಕಟ್ಟಿನ ಸರಾಸರಿ ಸೊನ್ನೆ. ಸೊನ್ನೆಗಿಂತ ಅದು ಹೆಚ್ಚೇ. ಬೇಸಿಗೆ ರಜೆ ಮುಗಿಯುವ ಮೊದಲು ವಿಲೀನದ ಆದೇಶ ಬಂತು. ಅದರ ಪ್ರತಿಯನ್ನು ಶಾಲೆಯ ಮುಂಗೋಡೆಗೆ ಹಚ್ಚಬೇಕಿತ್ತು. ಗುರುಬಸಯ್ಯ ಹಾಳೆಯನ್ನು ನನ್ನ ಕೈಗಿತ್ತು, "ಅಂಟು ಸ್ವಲ್ಪ ಕಮ್ಮೀನೇ ಹಚ್ರಿ ಮೇಷ್ಟ್ರೇ" ಅಂದರು. ನಾನು ಅಂಟೇ ಹಚ್ಚಲಿಲ್ಲ. ಸುಮ್ಮನೆ ಗೋಡೆಗೆ ತಾಗಿಸಿ ಕೈ ಬಿಟ್ಟು ಹಿಂದೆ ಸರಿದೆ.

ಭಟ್ಟಿ ಬೀದಿಯವರು ಬಂದಿದ್ದರು, ಮಕ್ಕಳು ಬಂದಿದ್ದರು, ಹೋಟೆಲಿನವನು ಅಂಗಡಿ ಬಿಟ್ಟು ಬಂದಿದ್ದ. ವಾರಿಜಾ ಮಿಸ್ ಒಂದು ಪಕ್ಕಕ್ಕೆ ನಿಂತಿದ್ದರು. ಎಲ್ಲರ ಕಣ್ಣೂ ಆ ಹಾಳೆಯ ಮೇಲೆ, ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಾರ್ಥನೆ, ಬೀಳಲಿ ಎಂದು. ಸ್ವಲ್ಪ ಹೊತ್ತು ನೋಡಿ ಹಾಲಮ್ಮ, "ಮರಳು ಕಾಯಾಕಿಟ್ಟು ಬಂದೀನಿ, ನಡಿ" ಎಂದು ಕೆಂಚಮ್ಮನ ಕೈ ಹಿಡಿದಳು. ಕೆಂಚಮ್ಮ ಹಿಂದೆ ತಿರುಗಿ ನೋಡುತ್ತ ನೋಡುತ್ತ ಹೋದಳು. ಉಳಿದವರು ಬಿಸಿಲು ನೆತ್ತಿಗೆ ಬರುವ ತನಕ ನಿಂತು ಕಾದೆವು.

ಬೀಳಲಿಲ್ಲ.